2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ‘ಜೀವಮಾನದ ನಿಷ್ಠೆ’ ಎಂಬ ಮಾತು ಸಲ್ಲುತ್ತದೆಯೇ?

ಆಸ್ಟಿನ್‌ಟೌನ್ ಅಭಿಮಾನಿ:
ಎಲ್ಲರಿಗೂ ನಮಸ್ಕಾರ. ಬಹುದಿನಗಳಿಂದ ತಲೆಯಲ್ಲಿ ಸುಳಿಯುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ಊರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸ್ಥಾಪನೆಯಾದದ್ದು 2013ರ ಜುಲೈನಲ್ಲಿ. ಆ ಕ್ಲಬ್ಬಿನ ಮೇಲೆ ನನಗಿರುವ ಅಭಿಮಾನ ಜೀವಮಾನದ್ದು ಎಂದರೆ ಕೋಲ್ಕತ್ತದ ಗೆಳೆಯರು ಒಪ್ಪುವುದೇ ಇಲ್ಲ. ಅವರ ಊರಿನ ಕ್ಲಬ್ಬುಗಳಲ್ಲಿ ಮೋಹನ್ ಬಾಗಾನ್ 1889ರದ್ದು, ಈಸ್ಟ್ ಬೆಂಗಾಲ್ 1920ರದ್ದು. ಅಲ್ಲಿ ಯಾರ ಪಕ್ಷ ಎಂಬುದು ಮುತ್ತಜ್ಜನ ಕಾಲಕ್ಕೇ ತೀರ್ಮಾನವಾಗಿರುತ್ತದೆ, ನಿಮ್ಮದು ಮೊನ್ನೆ ಮೊನ್ನೆ ಒಂದು ಕಂಪನಿ ಕಟ್ಟಿದ ತಂಡ ಎನ್ನುವುದು ಅವರ ವಾದ.

ನನ್ನ ಅನುಭವ ಬೇರೆಯೇ ಇದೆ. ತಂದೆಯವರು ಐಟಿಐ ಕಾರ್ಖಾನೆಯಲ್ಲಿದ್ದರು. ಆದ್ದರಿಂದ ನಮ್ಮ ಮನೆ ಐಟಿಐ ಪಕ್ಷ, ಎದುರುಮನೆಯವರು ಎಚ್‌ಎಎಲ್ ಪಕ್ಷ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳು ಎದುರಾದ ದಿನ ಸಂಜೆ ನಮ್ಮ ಬೀದಿಯಲ್ಲಿ ಮಾತುಕತೆಯೇ ನಿಂತುಹೋಗುತ್ತಿತ್ತು. ಆಮೇಲೆ ಸರ್ಕಾರಿ ಕಾರ್ಖಾನೆಗಳಲ್ಲಿ ಆಟಗಾರರ ನೇಮಕಾತಿ ಕಡಿಮೆಯಾಗುತ್ತ ಬಂತು, ತಂಡಗಳು ಸೊರಗಿದವು, ಗ್ಯಾಲರಿ ಖಾಲಿಯಾಯಿತು. 2013ರ ಸೆಪ್ಟೆಂಬರ್ 22ರಂದು ಅದೇ ಕ್ರೀಡಾಂಗಣದಲ್ಲಿ ಬಿಎಫ್‌ಸಿ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ತನ್ನ ಮೊದಲ ಪಂದ್ಯವನ್ನು ಮೋಹನ್ ಬಾಗಾನ್ ವಿರುದ್ಧ ಆಡಿದಾಗ, ತಂದೆಯವರು ಯಾವ ಮೆಟ್ಟಿಲಿನ ಮೇಲೆ ಕೂರುತ್ತಿದ್ದರೋ ಅದೇ ಸಾಲಿನಲ್ಲಿ ಕುಳಿತು ನೋಡಿದೆ. ಜರ್ಸಿ ಹೊಸದಾಗಿತ್ತು, ನನ್ನೊಳಗಿನ ಆಸೆ ಹಳೆಯದೇ ಆಗಿತ್ತು.

ಹಾಗಾದರೆ ನಿಷ್ಠೆಯ ವಯಸ್ಸನ್ನು ಕ್ಲಬ್ಬಿನ ನೋಂದಣಿ ದಿನಾಂಕದಿಂದ ಎಣಿಸಬೇಕೋ, ನೋಡುವವನ ಬದುಕಿನಿಂದ ಎಣಿಸಬೇಕೋ? ನಿಮ್ಮ ಅಭಿಪ್ರಾಯದ ಜೊತೆಗೆ ಆ ಮೊದಲ ವರ್ಷಗಳ ನೆನಪುಗಳನ್ನೂ ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ವೆಸ್ಟ್‌ಬ್ಲಾಕ್ ಹುಡುಗ:
ನೋಡುವವನ ಬದುಕಿನಿಂದಲೇ ಎಣಿಸಬೇಕು ಸರ್, ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಆ ಮೊದಲ ಪಂದ್ಯದಲ್ಲಿ ನಾನೂ ಇದ್ದೆ, ಆಗಿನ್ನೂ ಪಿಯುಸಿ ಓದುತ್ತಿದ್ದೆ. ಶಾನ್ ರೂನಿ ಹೊಡೆದ ಗೋಲು ಕ್ಲಬ್ಬಿನ ಚರಿತ್ರೆಯ ಮೊದಲ ಗೋಲು. ಕೊನೆಗೆ ಪಂದ್ಯ 1-1ರಲ್ಲಿ ಮುಗಿಯಿತು. ನನಗೆ ಇಂದಿಗೂ ಮರೆಯಲಾಗದ್ದು ಆ ಕ್ರೀಡಾಂಗಣದ ಹತ್ತಿರತನ. ಗ್ಯಾಲರಿಗೂ ಅಂಗಳಕ್ಕೂ ನಡುವೆ ಓಟದ ಪಥ ಇರಲಿಲ್ಲ. ಜಾನ್ ಜಾನ್ಸನ್ ತನ್ನ ರಕ್ಷಣಾ ಸಾಲಿಗೆ ಕೂಗಿ ಹೇಳುವುದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಥ್ರೋ ಎಸೆಯಲು ಬಂದ ಆಟಗಾರನ ಬೂಟಿಗೆ ಅಂಟಿದ ಆ ಕೃತಕ ಹುಲ್ಲಿನ ಕಪ್ಪು ರಬ್ಬರ್ ಕಾಳುಗಳು ಕೂಡ ಕಾಣುತ್ತಿದ್ದವು. ಕಾಂಕ್ರೀಟ್ ಮೆಟ್ಟಿಲು ಬಿಸಿಲಿಗೆ ಎಷ್ಟು ಕಾದಿರುತ್ತಿತ್ತೆಂದರೆ ದಿನಪತ್ರಿಕೆ ಹಾಸಿಕೊಂಡು ಕೂರಬೇಕಿತ್ತು, ಆದರೆ ಆಟ ಶುರುವಾದ ಮೇಲೆ ಕೂರುವವರಾದರೂ ಯಾರು?

ಆ ಋತುವಿನಲ್ಲೇ ನಾವು ಚಾಂಪಿಯನ್ನರಾದೆವು. ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದ ತಂಡಕ್ಕೆ ನಿಷ್ಠೆ ತೋರಿಸುವುದು ಸುಲಭ ಎಂದು ಕೆಲವರು ಹೇಳುತ್ತಾರೆ. ಸುಲಭವಾಗಿದ್ದಿರಬಹುದು, ಆದರೆ ಸುಳ್ಳಾಗಿರಲಿಲ್ಲ.

ಹಳೆಯ ದಾಖಲೆ:
ಪ್ರಶ್ನೆ ಕೇಳಿದವರಿಗೂ ಕೋಲ್ಕತ್ತದ ಅವರ ಗೆಳೆಯರಿಗೂ ಒಂದು ಮಾತನ್ನು ನೆನಪಿಸಬೇಕಾಗಿದೆ. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. 1937ರಲ್ಲಿ ಮುಂಬೈಯ ಹಳೆಯ ಫುಟ್‌ಬಾಲ್ ಪಂದ್ಯಾವಳಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಆ ಕಪ್ ಅವರಿಗೇ ಒಲಿಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಾಗ ನಮ್ಮ ಪರ ಬಿದ್ದ ಆ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನವರು.

ಕೋಲ್ಕತ್ತದವರು ತಮ್ಮ ಕ್ಲಬ್ಬುಗಳ ವೈಭವದ ದಿನಗಳನ್ನು ಹೇಳಿಕೊಳ್ಳುವಾಗ ಆ ವೈಭವದಲ್ಲಿ ಬೆಂಗಳೂರಿನ ಕಾಲುಗಳ ಪಾಲೆಷ್ಟು ಎಂಬುದನ್ನೂ ಹೇಳಬೇಕು. ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರೆಂದು ಹೆಸರಾದ ಮುನ್ಪಡೆಯಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಮೋಹನ್ ಬಾಗಾನ್‌ಗೆ ಆಡಿ 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಕೆಂಪಯ್ಯ ನಮ್ಮವರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ನಮ್ಮವರು. ಅವರೆಲ್ಲ ಕೋಲ್ಕತ್ತಕ್ಕೆ ಹೋದದ್ದು ಅಲ್ಲಿ ಕ್ಲಬ್ಬೂ ಹಣವೂ ಕಿಕ್ಕಿರಿದ ಗ್ಯಾಲರಿಯೂ ಇದ್ದವು ಎಂಬ ಕಾರಣಕ್ಕೆ. ಇಲ್ಲಿ ಆಟವಿತ್ತು, ಆಟಗಾರರಿದ್ದರು. ಇಡೀ ಊರು ತನ್ನದೆಂದು ಹೇಳಿಕೊಳ್ಳುವ ಒಂದು ಕ್ಲಬ್ ಇರಲಿಲ್ಲ. 2013ರಲ್ಲಿ ತುಂಬಿಕೊಂಡದ್ದು ಆ ಕೊರತೆ.

ಹಲಸೂರಿನವಳು:
ಕಾರ್ಲ್‌ಟನ್ ಚಾಪ್‌ಮನ್ ಅವರನ್ನು ಏಕೆ ಬಿಟ್ಟಿರಿ ಸರ್? ಈಸ್ಟ್ ಬೆಂಗಾಲ್ ಪರ 1993ರಲ್ಲಿ ಇರಾಕಿನ ಅಲ್-ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದವರು, ಭಾರತ ತಂಡದ ನಾಯಕರಾಗಿದ್ದವರು. 2020ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ನನ್ನ ಅಣ್ಣ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ.

ಬಾಗಾನ್ ಕನ್ನಡಿಗ:
ನಾನು ಬೆಳೆದದ್ದು ಕೋಲ್ಕತ್ತದಲ್ಲಿ, ಮನೆಮಾತು ಕನ್ನಡ, ತಂಡ ಮೋಹನ್ ಬಾಗಾನ್. ಹಾಗಾಗಿ ಇಲ್ಲಿ ವಿರೋಧ ಪಕ್ಷದ ಕೆಲಸವನ್ನು ನಾನೇ ಮಾಡಬೇಕಾಗಿದೆ.

ಹಳೆಯ ದಾಖಲೆಯವರು ಹೇಳಿದ ಹೆಸರುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರೆಲ್ಲ ಊರಿನ ಆಟಗಾರರ ಚರಿತ್ರೆಗೆ ಸೇರಿದವರು. ಕ್ಲಬ್ಬಿನ ಮೇಲಿನ ನಿಷ್ಠೆ ಬೇರೆಯೇ ಸಂಗತಿ. ಅದು ಸೋಲಿನಲ್ಲಿ, ಅವಮಾನದಲ್ಲಿ, ವರ್ಷಗಟ್ಟಲೆ ಏನೂ ಗೆಲ್ಲದೆ ಇರುವಾಗ ಗಟ್ಟಿಯಾಗುವಂಥದ್ದು. ಈಸ್ಟ್ ಬೆಂಗಾಲ್‌ನವರನ್ನೇ ನೋಡಿ. ಅವರು ನಮ್ಮ ಬದ್ಧ ಎದುರಾಳಿಗಳಾದರೂ ಹೇಳುತ್ತೇನೆ, 2003-04ರಲ್ಲಿ, ಐ-ಲೀಗ್‌ಗೆ ಮೊದಲಿದ್ದ ರಾಷ್ಟ್ರೀಯ ಲೀಗ್ ಗೆದ್ದ ನಂತರ ಎರಡು ದಶಕ ಆ ಪ್ರಶಸ್ತಿಯ ಹಂಬಲದಲ್ಲೇ ಕಳೆದರು. ಒಬ್ಬ ಅಭಿಮಾನಿಯೂ ಪಕ್ಷ ಬದಲಾಯಿಸಲಿಲ್ಲ. ಬಿಎಫ್‌ಸಿ ಅಭಿಮಾನಿಗಳು ಅಂಥ ಬರಗಾಲವನ್ನು ಇನ್ನೂ ಕಂಡಿಲ್ಲ. ಮೊದಲ ನಾಲ್ಕು ವರ್ಷಗಳಲ್ಲಿ ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್ ಬಂದವು. ಜೀವಮಾನದ ನಿಷ್ಠೆ ಎನ್ನಲು ಇನ್ನೂ ಒಂದು ತಲೆಮಾರು ಕಾಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ವೆಸ್ಟ್‌ಬ್ಲಾಕ್ ಹುಡುಗ:
ಬಾಗಾನ್ ಅಣ್ಣ, ನೋವು ಬೇಕೆಂದರೆ 2015ರ ಮೇ 31ನ್ನು ನಿಮ್ಮ ತಂಡವೇ ನಮಗೆ ಕೊಟ್ಟಿದೆ.

ಬಾಗಾನ್ ಕನ್ನಡಿಗ:
ಆ ದಿನ ನಮಗೆ 13 ವರ್ಷಗಳ ನಂತರ ಸಿಕ್ಕ ಲೀಗ್ ಪ್ರಶಸ್ತಿ ಎಂಬುದನ್ನೂ ಸೇರಿಸಿ ಹೇಳಿ. ಆ 13 ವರ್ಷಗಳೇ ನನ್ನ ವಾದ.

ಮಂಡ್ಯದ ಗೋಲಿ:
ಆ ಪಂದ್ಯವನ್ನು ನೋಡದ ಕಿರಿಯರಿಗಾಗಿ ವಿವರಿಸುತ್ತೇನೆ. ಲೀಗ್‌ನ ಕೊನೆಯ ದಿನ, ಆ ಹೊತ್ತಿಗೆ ನಮ್ಮ ತವರು ಅಂಗಳವಾಗಿದ್ದ ಕಂಠೀರವ ಕ್ರೀಡಾಂಗಣ. ಬಾಗಾನ್‌ಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಮೊದಲಾರ್ಧದ ಕೊನೆಗೆ ಜಾನ್ಸನ್ ಗೋಲು ಹೊಡೆದ. ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ನಮ್ಮ ಕೈಯಲ್ಲಿ ಟ್ರೋಫಿ ಇತ್ತು. ಗಡಿಯಾರ 87ನೇ ನಿಮಿಷ ತೋರಿಸುತ್ತಿದ್ದಾಗ ಕಾರ್ನರ್ ಬಂತು. ಬಾಗಾನ್‌ನ ಬೆಲೊ ರಜಾಕ್ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ತಲೆ ಕೊಟ್ಟ. ನಾನು ಗೋಲ್‌ಕೀಪರ್ ಆಗಿ ಆಡಿದವನು, ಚೆಂಡು ತಲೆಯಿಂದ ಹೊರಟ ಕೋನ ನೋಡಿದ ಕೂಡಲೇ ಅದು ಒಳಗೆ ಹೋಗುತ್ತದೆ ಎಂದು ಗೊತ್ತಾಗಿತ್ತು. ಪಂದ್ಯ ಮುಗಿದ ಮೇಲೆ ಕೋಲ್ಕತ್ತದಿಂದ ಬಂದಿದ್ದವರು ಕುಣಿಯುತ್ತಿದ್ದರು. ನಮ್ಮ ಕಡೆಯ ಗ್ಯಾಲರಿ ಮಾತ್ರ ಖಾಲಿಯಾಗಲಿಲ್ಲ. ಪ್ರಶಸ್ತಿ ಕಳೆದುಕೊಂಡ ತಂಡ ಬಂದು ನಮ್ಮ ಎದುರು ನಿಲ್ಲುವವರೆಗೂ ಜನ ಕಾದಿದ್ದರು, ನಿಂತ ಮೇಲೆ ಎದ್ದು ಚಪ್ಪಾಳೆ ತಟ್ಟಿದರು. ಮಂಡ್ಯಕ್ಕೆ ಹೋಗುವ ಕೊನೆಯ ರೈಲು ತಪ್ಪಿಹೋಯಿತು, ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದೆ. ಅಂದು ನಾನು ಈ ಕ್ಲಬ್ಬಿಗೆ ಸೇರಿದವನಾದೆ. ಹಿಂದಿನ ವರ್ಷದ ಟ್ರೋಫಿಯಿಂದ ಅದು ಆಗಿರಲಿಲ್ಲ.

ನೀಲಿ ಜರ್ಸಿ:
ಆ ಹಿಂದಿನ ವರ್ಷದ ಟ್ರೋಫಿ ಅಶೋಕನಗರದಲ್ಲೇ ಖಚಿತವಾಯಿತು ಎಂದು ಅನೇಕರು ಬರೆಯುತ್ತಿರುತ್ತಾರೆ, ಅದು ಸರಿಯಲ್ಲ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೋ ತಂಡವನ್ನು 4-2ರಿಂದ ಸೋಲಿಸಿದಾಗ ಪ್ರಶಸ್ತಿ ನಮ್ಮದಾಯಿತು. ಬೆಂಗಳೂರಿನಿಂದ ರಾತ್ರಿ ಬಸ್ ಹಿಡಿದು ಅಲ್ಲಿಗೆ ಹೋಗಿದ್ದವರ ಗುಂಪೇ ಮುಂದೆ ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ಗೆ ಬೆನ್ನೆಲುಬಾಯಿತು.

ದೋಹಾ ನಿವಾಸಿ:
ನಾನು ಉಡುಪಿ ಕಡೆಯವನು, ಕೆಲಸಕ್ಕಾಗಿ ಕತಾರಿಗೆ ಬಂದವನು. 2016ರ ನವೆಂಬರ್ 5ರವರೆಗೆ ಬಿಎಫ್‌ಸಿಯ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿರಲಿಲ್ಲ. ಅಂದು ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್‌ನ ಫೈನಲ್ ನಮ್ಮ ದೋಹಾದಲ್ಲೇ ಇತ್ತು, ಎದುರಾಳಿ ಇರಾಕಿನ ವಾಯುಪಡೆಯ ತಂಡ. ಭಾರತದ ಕ್ಲಬ್ಬೊಂದು ಆ ಫೈನಲ್ ತಲುಪಿದ್ದು ಅದೇ ಮೊದಲು.

ಕ್ಯಾಂಪಿನಿಂದ ಬಸ್ಸಿನಲ್ಲಿ ಬಂದ ಕಾರ್ಮಿಕರು, ಕಚೇರಿಯಿಂದ ನೇರವಾಗಿ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ಎಲ್ಲ ಸೇರಿದ್ದೆವು. ಮಲಯಾಳಿ, ತಮಿಳು, ಬಂಗಾಳಿ ಎಂಬ ಭೇದವಿರಲಿಲ್ಲ, ಎಲ್ಲರೂ ಬೆಂಗಳೂರಿನ ಪರ ಕೂಗುತ್ತಿದ್ದೆವು. ನನ್ನ ಹಿಂದಿನ ಸಾಲಿನಲ್ಲಿ ಹಾವೇರಿ ಕಡೆಯವರೊಬ್ಬರಿದ್ದರು. ಫುಟ್‌ಬಾಲ್ ನಿಯಮ ಅವರಿಗೆ ಅಷ್ಟಾಗಿ ತಿಳಿದಿರಲಿಲ್ಲ, ಆಫ್‌ಸೈಡ್ ಎಂದರೇನೆಂದು ವಿರಾಮದ ಹೊತ್ತಿಗೆ ನನ್ನಿಂದ ಕೇಳಿ ತಿಳಿದುಕೊಂಡರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದಾಗ ಮೊದಲು ತಲೆಯ ಮೇಲೆ ಕೈಹೊತ್ತವರು ಅವರೇ. 1-0ರಿಂದ ಸೋತೆವು. ಅದಾದ ಮೇಲೆ ಇಲ್ಲಿಯ ಸಮಯಕ್ಕೆ ಸರಿಯಾಗಿ ಅಲಾರಾಂ ಇಟ್ಟುಕೊಂಡು ನಾನು ಪ್ರತಿ ಪಂದ್ಯ ನೋಡುತ್ತ ಬಂದಿದ್ದೇನೆ. ಬಾಗಾನ್ ಗೆಳೆಯರು ಹೇಳುವಂತೆ ತಲೆಮಾರು ಕಾಯಬೇಕೆಂದರೆ, ಊರು ಬಿಟ್ಟು ಬಂದ ನಮ್ಮಂಥವರು ಅಷ್ಟು ಹೊತ್ತು ಕಾಯುವುದಾದರೂ ಹೇಗೆ?

ಹಲಸೂರಿನವಳು:
ಆ ಫೈನಲ್‌ಗೆ ದಾರಿ ಮಾಡಿದ ಅಕ್ಟೋಬರ್ 19ರ ಸೆಮಿಫೈನಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಕಂಠೀರವದಲ್ಲಿ ನಾನು ಕಂಡ ಅತ್ಯುತ್ತಮ ರಾತ್ರಿ ಅದು. ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1-1 ಮಾಡಿಕೊಂಡು ಬಂದಿದ್ದೆವು, ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೆವು. ವಿರಾಮಕ್ಕೆ ಮೊದಲು ನಮ್ಮ ನಾಯಕ ಸುನಿಲ್ ಛೆಟ್ರಿ ತಲೆಯಿಂದ ಸಮ ಮಾಡಿದರು. ದ್ವಿತೀಯಾರ್ಧದಲ್ಲಿ ಅವರು ದೂರದಿಂದ ಹೊಡೆದ ಎರಡನೆಯ ಗೋಲು ಬಲೆ ಸೇರಿದ ಕ್ಷಣ ನನ್ನ ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆದುಹೋಯಿತು. ಆಮೇಲೆ ಹುವಾನನ್ ಮೂರನೆಯದನ್ನು ಹೊಡೆದರು. ಒಡೆದ ಬಳೆಗೆ ಬದಲಾಗಿ ಅಜ್ಜಿ ಮುಂದಿನ ಪಂದ್ಯಕ್ಕೆ ಒಂದು ಡಜನ್ ಬಳೆ ತಂದುಕೊಟ್ಟರು, ಎಲ್ಲವೂ ನೀಲಿ.

ಹೆಣ್ಣುಮಕ್ಕಳು ಫುಟ್‌ಬಾಲ್ ಗ್ಯಾಲರಿಗೆ ಒಬ್ಬರೇ ಹೋಗುವುದು ನಮ್ಮ ಬೀದಿಯಲ್ಲಿ ಮೊದಲು ಕಂಡುಕೇಳದ ಸಂಗತಿಯಾಗಿತ್ತು. ಅಶೋಕನಗರದ ಹಳೆಯ ದಿನಗಳನ್ನು ನೀವೆಲ್ಲ ಕೊಂಡಾಡುವಾಗ ನನಗೆ ಸ್ವಲ್ಪ ತಕರಾರಿದೆ: ಆ ದಿನಗಳಲ್ಲಿ ಅಣ್ಣನ ಜೊತೆ ಹೋಗುತ್ತೇನೆಂದರೂ ನನ್ನನ್ನು ಮನೆಯವರು ಕಳಿಸುತ್ತಿರಲಿಲ್ಲ. ನನ್ನ ಪಾಲಿಗೆ ಹಳೆಯ ನೆನಪು ಎಂದರೆ ರೇಡಿಯೊ ಮತ್ತು ಅಣ್ಣ ಬಂದು ಹೇಳುತ್ತಿದ್ದ ಕಥೆಗಳು. ನಾನೇ ಟಿಕೆಟ್ ಕೊಂಡು, ನಾನೇ ಆಯ್ದುಕೊಂಡ ಜಾಗದಲ್ಲಿ ನಿಂತು ಕೂಗಿದ ಮೊದಲ ತಂಡ ಬಿಎಫ್‌ಸಿ. ನನ್ನ ಜೀವಮಾನದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಆಸ್ಟಿನ್‌ಟೌನ್ ಅಭಿಮಾನಿ:
ಹಲಸೂರಿನ ಮೇಡಂ ಹೇಳಿದ ಮಾತು ಈ ಚರ್ಚೆಗೆ ಬಹಳ ಮುಖ್ಯವಾದದ್ದು. ನಮ್ಮ ಮನೆಯಲ್ಲೂ ತಂದೆ ಮತ್ತು ಮಕ್ಕಳು ಎಂದರೆ ಗಂಡುಮಕ್ಕಳೇ ಆಗಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಫಲಿತಾಂಶ ಕೇಳುತ್ತಿದ್ದಳು.

ಸತ್ಯ ಹೇಳಲೇಬೇಕು:
ಎಲ್ಲರೂ ಭಾವುಕರಾಗಿದ್ದೀರಿ, ಆದ್ದರಿಂದ ಒಂದು ಕಹಿ ಮಾತು. ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಆಡುತ್ತಿದ್ದವರು ಗೌತಮಪುರ, ಮರ್ಫಿ ಟೌನ್, ಶಿವಾಜಿನಗರದ ಹುಡುಗರು. ಎಚ್‌ಎಎಲ್ ಐ-ಲೀಗ್‌ನಲ್ಲಿ ಎರಡು ಋತು ಆಡಿ 2012ರಲ್ಲಿ ಕೆಳಗಿಳಿದಾಗಲೂ ಅದರ ತಂಡದ ಪಟ್ಟಿಯಲ್ಲಿ ನಮ್ಮ ಬೀದಿಗಳ ಹೆಸರುಗಳಿದ್ದವು. ಬಿಎಫ್‌ಸಿಯಲ್ಲಿ ಆರಂಭದಲ್ಲಿ ಶಂಕರ್ ಸಂಪಂಗಿರಾಜ್, ಆಮೇಲೆ ಲಿಯಾನ್ ಆಗಸ್ಟಿನ್ ಎಂದು ಬೆರಳೆಣಿಕೆಯ ಸ್ಥಳೀಯರು ಸಿಗುತ್ತಾರೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಜನ ಇದ್ದಾರೆ, ಅವರ ಮಕ್ಕಳಿಗೆ ನಮ್ಮ ಊರಿನ ದೊಡ್ಡ ಕ್ಲಬ್ಬಿನಲ್ಲಿ ಜಾಗವೆಲ್ಲಿ? ಊರಿನ ಹುಡುಗರಿಲ್ಲದ ತಂಡವನ್ನು ಊರಿನ ತಂಡ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೀಲಿ ಜರ್ಸಿ:
ಛೆಟ್ರಿ 2013ರಿಂದ ನಮ್ಮ ಜೊತೆಗಿದ್ದಾರೆ. ಹುಟ್ಟಿದ್ದು ಸಿಕಂದರಾಬಾದಿನಲ್ಲಾದರೂ ಅವರನ್ನು ಬೆಂಗಳೂರಿನವರಲ್ಲ ಎನ್ನುವ ಧೈರ್ಯ ಯಾರಿಗಿದೆ?

ಸತ್ಯ ಹೇಳಲೇಬೇಕು:
ಛೆಟ್ರಿ ಅವರ ಬಗ್ಗೆ ನನ್ನ ತಕರಾರಿಲ್ಲ. ಅವರು ಇಷ್ಟು ವರ್ಷ ಇಲ್ಲಿ ನಿಂತರೆಂಬ ಕಾರಣಕ್ಕೆ ಮುಂದಿನ ಪೀಳಿಗೆಯ ಪ್ರಶ್ನೆ ಇಲ್ಲವಾಗುವುದಿಲ್ಲ ಎಂದಷ್ಟೇ ಹೇಳಿದೆ.

ಹಳೆಯ ದಾಖಲೆ:
ಈ ತಕರಾರಿನಲ್ಲಿ ಹುರುಳಿದೆ, ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದೆ ನಾವು ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. 54 ವರ್ಷಗಳ ನಂತರ ಬಂದ ಆ ಗೆಲುವು ಸ್ಥಳೀಯ ಹುಡುಗರದ್ದು. ಅದರ ಹಿಂದಿನ ದಿನವೇ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಎದುರಾಳಿಗಳು ಸಜ್ಜಾಗುವ ಮೊದಲೇ ಛೆಟ್ರಿ ಹೊಡೆದ ಆ ತ್ವರಿತ ಫ್ರೀಕಿಕ್ ಗೋಲು, ಅದನ್ನು ಪ್ರತಿಭಟಿಸಿ ಬ್ಲಾಸ್ಟರ್ಸ್ ತಂಡ ಅಂಗಳ ಬಿಟ್ಟು ನಡೆದದ್ದು ಇವೆಲ್ಲ ನಡೆದಿದ್ದವು. ಊರೆಲ್ಲ ಆ ಫ್ರೀಕಿಕ್ ಬಗ್ಗೆ ಮಾತನಾಡುತ್ತಿತ್ತು, ಸಂತೋಷ್ ಟ್ರೋಫಿಯನ್ನು ಕೇಳಿದವರು ಕಡಿಮೆ. ಸ್ಥಳೀಯ ಹುಡುಗರು ಬೇಕೆನ್ನುವ ನಾವು ಸ್ಥಳೀಯ ಹುಡುಗರು ಗೆದ್ದಾಗ ಎಲ್ಲಿದ್ದೆವು? ಅಶೋಕನಗರದಲ್ಲಿ ಊರಿನ ಲೀಗ್ ಆದ ಸೂಪರ್ ಡಿವಿಷನ್ ಪಂದ್ಯಗಳು ನಡೆಯುತ್ತವೆ, ಬಿಎಫ್‌ಸಿಯ ಎರಡನೆಯ ತಂಡವೂ ಅದರಲ್ಲಿ ಆಡಿದೆ. ಅಲ್ಲಿಗೆ ಹೋಗಿ ನೋಡುವವರು ಈ ಚರ್ಚೆಯಲ್ಲಿ ಎಷ್ಟು ಮಂದಿ ಇದ್ದೀರಿ?

ಮಂಡ್ಯದ ಗೋಲಿ:
ನಾನು ಹೋಗುತ್ತೇನೆ ಸರ್. ಗ್ಯಾಲರಿಯಲ್ಲಿ ಹೆಚ್ಚಿನವರು ಆಟಗಾರರ ಮನೆಯವರೇ ಇರುತ್ತಾರೆ.

ಉಳ್ಳಾಲದ ಕರಾವಳಿ:
ಕಂಪನಿ ತಂಡ ಎಂಬ ಆಕ್ಷೇಪಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ಐಟಿಐಯೂ ಕಂಪನಿಯೇ, ಎಚ್‌ಎಎಲ್ ಕೂಡ ಕಂಪನಿಯೇ. ಒಡೆತನ ಸರ್ಕಾರದ್ದು ಎಂಬುದಷ್ಟೇ ವ್ಯತ್ಯಾಸ. ಸಂಬಳ ಯಾರು ಕೊಡುತ್ತಿದ್ದರು ಎಂಬುದನ್ನು ನೋಡಿ ಆಗ ಯಾರೂ ಪಕ್ಷ ಕಟ್ಟಲಿಲ್ಲ. ಅಪ್ಪ ಯಾವ ಕಾರ್ಖಾನೆಯ ಬಸ್ ಹತ್ತುತ್ತಾರೆ ಎಂಬುದನ್ನು ನೋಡಿ ಕಟ್ಟಿದರು. ಈಗಿನ ಮಕ್ಕಳು ಬೇರೆ ದಾರಿಯಲ್ಲಿ ಬರುತ್ತಾರೆ. ನನ್ನ ಮಗಳು ಮಂಗಳೂರಿನಲ್ಲಿದ್ದುಕೊಂಡು 2019ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನೋಡಿ ಬಿಎಫ್‌ಸಿಯವಳಾದಳು. ಮುಂಬೈಯಲ್ಲಿ ಗೋವಾ ವಿರುದ್ಧ ನಿಗದಿತ ಸಮಯದಲ್ಲಿ ಗೋಲೇ ಇಲ್ಲ, ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಅವರ ಕಾರ್ನರ್, ರಾಹುಲ್ ಭೇಕೆ ಅವರ ತಲೆ. ಮಲಗಿದ್ದ ನನ್ನ ತಾಯಿ ಕಳ್ಳ ಬಂದನೆಂದು ಎದ್ದು ಕುಳಿತರು, ಅಷ್ಟು ಜೋರಾಗಿ ಕಿರುಚಿದ್ದಳು.

ವೆಸ್ಟ್‌ಬ್ಲಾಕ್ ಹುಡುಗ:
ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮಾರ್ಚ್ 17ರಂದು, ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಿದ್ದೆವು. ಲೀಗ್‌ನಲ್ಲಿ ಎಲ್ಲರಿಗಿಂತ ಮೇಲಿದ್ದವರು ನಾವು, ಛೆಟ್ರಿ ಆರಂಭದಲ್ಲೇ ಗೋಲು ಹೊಡೆದಿದ್ದರು, ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಬಾರಿ ತಲೆಯಿಂದ ಹೊಡೆದರು. ಆ ಸೋಲನ್ನು ನುಂಗಿಕೊಂಡವರಿಗೇ ಭೇಕೆಯ ಗೋಲಿನ ಬೆಲೆ ಗೊತ್ತು.

ಬಾಗಾನ್ ಅಣ್ಣನಿಗೆ ಬರಗಾಲದ ಲೆಕ್ಕ ಬೇಕಿದ್ದರೆ ಅದೂ ಇದೆ. 2020-21ರಲ್ಲಿ ಏಳನೇ ಸ್ಥಾನ, 2023-24ರಲ್ಲಿ ಹತ್ತನೇ ಸ್ಥಾನ. ಆ ಹತ್ತನೇ ಸ್ಥಾನದ ಋತುವಿನಲ್ಲಿ ವಾರದ ನಡುವೆ ನಡೆದ ಪಂದ್ಯಗಳಿಗೆ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತುಕೊಂಡೇ ಬಂದು ನಿಲ್ಲುತ್ತಿದ್ದವರ ಮುಖಗಳು ನನಗೆ ಗೊತ್ತು. ಹೆಸರು ಗೊತ್ತಿಲ್ಲದ ಎಷ್ಟೋ ಜನರ ಪರಿಚಯ ನನಗೆ ನಿಲ್ಲುವ ಜಾಗದಿಂದಲೇ ಆಗಿದೆ. ಡೋಲು ಬಾರಿಸುವವರು ಒಂದು ದಿನವೂ ತಪ್ಪಿಸಲಿಲ್ಲ.

ಬಾಗಾನ್ ಕನ್ನಡಿಗ:
ಹತ್ತನೇ ಸ್ಥಾನದ ಮಾತು ನನ್ನ ಲೆಕ್ಕದಲ್ಲಿ ನಿಮಗೆ ಬಹಳ ಅಂಕ ತಂದುಕೊಡುತ್ತದೆ. ಆದರೂ ವಾದವನ್ನು ಪೂರ್ತಿ ಬಿಡುವುದಿಲ್ಲ. 2025ರ ಏಪ್ರಿಲ್‌ನ ಐಎಸ್‌ಎಲ್ ಫೈನಲ್‌ನಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಾವು ನಿಮ್ಮನ್ನು ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋಲಿಸಿದಾಗ, ನನ್ನ ಪಕ್ಕದಲ್ಲಿದ್ದ ಹಿರಿಯರು ತಮ್ಮ ತಾತನ ಸದಸ್ಯತ್ವದ ಕಾರ್ಡನ್ನು ಜೇಬಿನಿಂದ ತೆಗೆದು ಹಣೆಗೆ ಒತ್ತಿಕೊಂಡರು. ಆ ಕಾರ್ಡ್ ನಿಮ್ಮಲ್ಲಿ ಇನ್ನೂ ಯಾರ ಜೇಬಿನಲ್ಲೂ ಇಲ್ಲ.

ಹಲಸೂರಿನವಳು:
ಮೊಮ್ಮಕ್ಕಳ ಜೇಬಿಗೆ ಕಾರ್ಡ್ ಬರಬೇಕಾದರೆ ಮೊದಲು ಯಾರಾದರೂ ತಾತ ಅಜ್ಜಿ ಆಗಬೇಕಲ್ಲ ಅಣ್ಣ? ನಾವು ಈಗ ಮಾಡುತ್ತಿರುವುದು ಆ ಕೆಲಸ.

ದೋಹಾ ನಿವಾಸಿ:
ಆ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಕ್ಲಬ್ಬುಗಳು ಉಳಿಯಬೇಕಲ್ಲ? ಆ ಫೈನಲ್ ಮುಗಿದು ಮೂರು ತಿಂಗಳಿಗೆ ಲೀಗನ್ನೇ ತಡೆಹಿಡಿದರು. ಭಾರತೀಯ ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವವರಿಗೂ ನಡುವಿನ ಒಪ್ಪಂದದ ತಕರಾರಿನಲ್ಲಿ ಆಗಸ್ಟ್ ಹೊತ್ತಿಗೆ ನಮ್ಮ ಕ್ಲಬ್ಬೇ ಆಟಗಾರರ ಸಂಬಳ ತಡೆಹಿಡಿದ ಸುದ್ದಿ ಬಂತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಐಟಿಐ ತಂಡ ಸೊರಗಿದ ಕಥೆಯನ್ನು ಇಲ್ಲಿ ಓದುವಾಗ ನನಗೆ ಅದೇ ಭಯ ಮತ್ತೆ ಬಂತು. ಆಸ್ಟಿನ್‌ಟೌನ್ ಸರ್, ನಿಮ್ಮ ತಂಡ ಕಣ್ಣೆದುರೇ ಇಲ್ಲವಾದಾಗ ನೀವು ಏನು ಮಾಡಿದಿರಿ?

ಆಸ್ಟಿನ್‌ಟೌನ್ ಅಭಿಮಾನಿ:
ಏನೂ ಮಾಡಲಿಲ್ಲ ಎಂಬುದೇ ನಮ್ಮ ಪೀಳಿಗೆಯ ಲೋಪ. ತಂಡ ಸೊರಗುತ್ತಿದ್ದಾಗ ನಾವು ಕ್ರಿಕೆಟ್ ನೋಡುತ್ತ, ಟಿವಿಯಲ್ಲಿ ಇಂಗ್ಲೆಂಡಿನ ಲೀಗ್ ನೋಡುತ್ತ ಮನೆಯಲ್ಲಿ ಕುಳಿತೆವು. ಖಾಲಿ ಗ್ಯಾಲರಿ ತೋರಿಸಿ ತಂಡವನ್ನು ಮುಚ್ಚುವುದು ಯಾವ ಆಡಳಿತಕ್ಕಾದರೂ ಸುಲಭ. ಆದ್ದರಿಂದ ಹೊಸಬರಲ್ಲಿ ನನ್ನ ಕೋರಿಕೆ ಒಂದೇ: ಫೈನಲ್‌ಗೆ ಬರದಿದ್ದರೂ ಪರವಾಗಿಲ್ಲ, ಹತ್ತನೇ ಸ್ಥಾನದ ತಂಡದ ಬುಧವಾರದ ಪಂದ್ಯಕ್ಕೆ ತಪ್ಪದೆ ಬನ್ನಿ.

ನೀಲಿ ಜರ್ಸಿ:
ನನ್ನದೊಂದು ಸಲಹೆ. ಋತುವಿನಲ್ಲಿ ಒಂದೆರಡು ಪಂದ್ಯಗಳನ್ನಾದರೂ ಕ್ಲಬ್ ಅಶೋಕನಗರದಲ್ಲಿ ಆಡಬೇಕು. ಕಂಠೀರವದ ಓಟದ ಪಥ ನಮ್ಮ ಕೂಗನ್ನೆಲ್ಲ ನುಂಗಿಬಿಡುತ್ತದೆ.

ಸತ್ಯ ಹೇಳಲೇಬೇಕು:
ಅಲ್ಲಿ ಹಿಡಿಸುವುದು ಸುಮಾರು 8,000 ಜನ. ಲೀಗ್ ಪಂದ್ಯಗಳಿಗೆ ಬೇಕಾದ ದೀಪ, ಪ್ರಸಾರ, ಸುರಕ್ಷತೆಯ ವ್ಯವಸ್ಥೆಗಳನ್ನು ಯಾರು ಮಾಡಿಕೊಡುತ್ತಾರೆ? ಅದರ ಬದಲು ಕ್ಲಬ್ಬಿನ ಕಿರಿಯರ ತಂಡದ ಎಲ್ಲ ಪಂದ್ಯಗಳನ್ನು ಅಲ್ಲಿಗೆ ತನ್ನಿ, ಗೌತಮಪುರದ ಮಕ್ಕಳಿಗೆ ಉಚಿತ ಪ್ರವೇಶ ಕೊಡಿ. ಆಗ ನಾನೂ ನೀಲಿ ಜರ್ಸಿ ಕೊಳ್ಳುತ್ತೇನೆ.

ಮಂಡ್ಯದ ಗೋಲಿ:
ಈ ಸಲಹೆಯನ್ನು ಬರಹದಲ್ಲಿ ಕ್ಲಬ್ಬಿಗೆ ಕಳಿಸೋಣ. ಸಹಿ ಹಾಕುವವರು ಕೆಳಗೆ ತಿಳಿಸಿ, ಕರಡನ್ನು ನಾನು ಬರೆಯುತ್ತೇನೆ.

ಹಲಸೂರಿನವಳು:
ನನ್ನ ಸಹಿ ಸೇರಿಸಿ. ಕರಡಿನಲ್ಲಿ ಗೌತಮಪುರದ ಹೆಣ್ಣುಮಕ್ಕಳ ಹೆಸರನ್ನೂ ಬರೆಯಿರಿ, ಹುಡುಗರೆಂದಷ್ಟೇ ಬರೆದರೆ ನಾನು ಒಪ್ಪುವುದಿಲ್ಲ.

ಬಾಗಾನ್ ಕನ್ನಡಿಗ:
ಎದುರಾಳಿಯ ಸಹಿಗೆ ಬೆಲೆಯಿದ್ದರೆ ನನ್ನದನ್ನೂ ಸೇರಿಸಿಕೊಳ್ಳಿ.